ಹದಿನೆಂಟು ದಾಟಿದ ಮಕ್ಕಳಿಗೆ ಸರ್ಕಾರದ ಹಣ ಮತ್ತು ಸೇವೆ ಕೇಳುವುದು ಹೇಗೆ: ದಕ್ಷಿಣ ಕನ್ನಡ ಮತ್ತು ಉಡುಪಿಯ ಪೋಷಕರಿಗೆ

ವಿಶೇಷ ಶಾಲೆಯ ದಿನಗಳು ಮುಗಿದಿವೆ, ಮಗ ಈಗ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇರುತ್ತಾನೆ, ಅವನನ್ನು ಬಿಟ್ಟು ಮನೆಯಿಂದ ಯಾರೂ ಹೊರಡುವಂತಿಲ್ಲ. ಸರ್ಕಾರದಿಂದ ಏನಾದರೂ ಸಿಗುತ್ತದೆಯೇ, ಸಿಗುವುದಾದರೆ ಯಾರನ್ನು ಕೇಳಬೇಕು? ಸುಳ್ಯದಿಂದ ಬೈಂದೂರಿನವರೆಗಿನ ಪೋಷಕರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಮಾಸಾಶನದ ಅರ್ಜಿ ಹಾಕುವುದು ಹೇಗೆಂದು ಹೇಳುವವರು ಊರಿಗೊಬ್ಬರಾದರೂ ಇದ್ದಾರೆ. ಆದರೆ ಇಲ್ಲದ ಸೇವೆಯನ್ನು ಇರುವಂತೆ ಮಾಡಿಸುವುದು, ಅಂದರೆ ಹಗಲು ಆರೈಕೆ ಕೇಂದ್ರವನ್ನೋ, ಅಲ್ಲಿಗೆ ಹೋಗಿಬರುವ ವಾಹನವನ್ನೋ, ವಯಸ್ಕರ ತರಬೇತಿಯನ್ನೋ ಸಾರ್ವಜನಿಕ ಹಣದಿಂದ ಪಡೆಯುವುದು ಬೇರೆಯೇ ಕೆಲಸ. ಈ ಲೇಖನ ಅದರ ಬಗ್ಗೆ.

ಇಲ್ಲಿ ‘ಬೆಳವಣಿಗೆ ಸಂಬಂಧಿ ವಿಕಲತೆ’ ಎಂದಾಗ ಬೌದ್ಧಿಕ ವಿಕಲತೆ (ಹಳೆಯ ಕಾಗದಗಳಲ್ಲಿ ಬುದ್ಧಿಮಾಂದ್ಯ ಎಂದಿರುತ್ತದೆ), ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಒಂದಕ್ಕಿಂತ ಹೆಚ್ಚು ವಿಕಲತೆ ಕೂಡಿದ ಬಹುವಿಧ ವಿಕಲತೆ ಎಂದು ತಿಳಿಯಿರಿ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ಎಲ್ಲರೂ ನ್ಯಾಷನಲ್ ಟ್ರಸ್ಟ್ ಎಂದು ಕರೆಯುವ ಸಂಸ್ಥೆಯ ಕಾಯ್ದೆ, ಇದೇ ನಾಲ್ಕು ಗುಂಪುಗಳಿಗಾಗಿ ಬಂದದ್ದು. ಎರಡನೆಯದಾಗಿ ನಿಮ್ಮ ಕೈಯಲ್ಲಿರಬೇಕಾದದ್ದು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಎರಡನ್ನೂ ಪೂರ್ತಿ ಓದಬೇಕಾಗಿಲ್ಲ. ಬೇಕಾದ ಕಲಂಗಳನ್ನು ಮುಂದೆ ಅಲ್ಲಲ್ಲಿ ಹೇಳಿದ್ದೇನೆ.

ಹಂತ 1: ಮೊದಲು ನಿಮ್ಮ ಕಾಗದ ಸರಿಯಿರಲಿ

ಸಾರ್ವಜನಿಕ ಬೇಡಿಕೆ ಇಡುವವರ ಮನೆಯ ಕಾಗದವೇ ಅಪೂರ್ಣವಾಗಿದ್ದರೆ ಕಚೇರಿಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಅಂಚೆ ಖಾತೆ, ಮತದಾರರ ಗುರುತಿನ ಚೀಟಿ ಇವಿಷ್ಟು ಒಂದೇ ಫೈಲಿನಲ್ಲಿ, ತಲಾ ಐದು ಜೆರಾಕ್ಸ್ ಪ್ರತಿಗಳೊಂದಿಗೆ ಇರಲಿ. ಹೆಸರಿನ ಕಾಗುಣಿತ ಎಲ್ಲ ಕಡೆಯೂ ಒಂದೇ ಆಗಿರಬೇಕು. ನಮ್ಮ ಕಡೆ ಮನೆತನದ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ, ಅರ್ಜಿಗಳು ಹಿಂದಿರುಗುವುದಕ್ಕೂ ಅದೇ ಸಾಮಾನ್ಯ ಕಾರಣ.

ಯುಡಿಐಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ತಪಾಸಣೆಗೆ ಜಿಲ್ಲಾ ಆಸ್ಪತ್ರೆಗೆ ಕರೆಯುತ್ತಾರೆ. ಮಂಗಳೂರಿನವರಿಗೆ ಅದು ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಈ ತಪಾಸಣೆಯ ದಿನ ಆಗುವ ಒಂದು ತಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಹಲವು ವರ್ಷಗಳ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ಬೌದ್ಧಿಕ ವಿಕಲತೆಯ ಪ್ರಮಾಣವನ್ನು ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ ‘ಸಾಮಾಜಿಕ ಪ್ರಬುದ್ಧತೆ’ಯ ಮಾಪನದಿಂದ ಅಳೆಯುತ್ತಾರೆ. ವ್ಯಕ್ತಿ ತಾನಾಗಿ ಸ್ನಾನ ಮಾಡುತ್ತಾನೆಯೇ, ರಸ್ತೆ ದಾಟುತ್ತಾನೆಯೇ, ಹಣದ ಲೆಕ್ಕ ತಿಳಿಯುತ್ತದೆಯೇ ಎಂದು ಮನೆಯವರನ್ನು ಕೇಳಿ ಅಂಕ ಕೊಡುವ ಕ್ರಮ ಅದು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಈ ಅಂಕ 55ರಿಂದ 69 ಇದ್ದರೆ ಶೇ 50, 36ರಿಂದ 54 ಇದ್ದರೆ ಶೇ 75, 21ರಿಂದ 35 ಇದ್ದರೆ ಶೇ 90, ಅದಕ್ಕೂ ಕಡಿಮೆಯಾದರೆ ಶೇ 100 ಎಂದು ಬರೆಯುತ್ತಾರೆ. ನಡುವೆ ಮೆಟ್ಟಿಲುಗಳಿಲ್ಲ. ರಾಜ್ಯದ ಮಾಸಾಶನ ಶೇ 40ರಿಂದ ಆರಂಭವಾದರೂ ಶೇ 75ರ ಗೆರೆಯ ಆಚೆ ದರ ಬೇರೆ. ಕೇಂದ್ರದ ಇಂದಿರಾಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಗೆ ಶೇ 80 ಆಗಿರಬೇಕು. ಹೀಗಿರುವಾಗ ತಾಯಿಯೊಬ್ಬರು ನಾಲ್ಕು ಜನರ ಮುಂದೆ ಮಗನ ಮರ್ಯಾದೆ ಕಾಯಲೆಂದು ‘ಅವನೇ ಊಟ ಮಾಡ್ತಾನೆ, ಅವನೇ ಸ್ನಾನ ಮಾಡ್ತಾನೆ’ ಎಂದುಬಿಟ್ಟರೆ ಅಂಕ ಒಂದು ಮೆಟ್ಟಿಲು ಮೇಲೇರುತ್ತದೆ, ಪ್ರಮಾಣಪತ್ರದ ಶೇಕಡಾವಾರು ಇಳಿಯುತ್ತದೆ. ಸುಳ್ಳು ಹೇಳಬೇಕಾಗಿಲ್ಲ, ಹೇಳಲೂಬಾರದು. ನೀರು ಕಾಯಿಸಿ ಇಟ್ಟವರು ಯಾರು, ಸೋಪು ಕೈಗೆ ಕೊಟ್ಟವರು ಯಾರು, ಬೆನ್ನು ತಿಕ್ಕಿದವರು ಯಾರು ಎಂಬುದನ್ನೂ ಸೇರಿಸಿ ಹೇಳಿ. ಪೂರ್ಣ ಸತ್ಯ ಅಷ್ಟೇ. ಆಟಿಸಂ ಇರುವವರಿಗೆ 40 ಪ್ರಶ್ನೆಗಳ ಬೇರೆ ಮಾಪನವಿದೆ. ಅಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಮತದಾರರ ಚೀಟಿಯನ್ನು ಪಟ್ಟಿಯಲ್ಲಿ ಸುಮ್ಮನೆ ಸೇರಿಸಿದ್ದಲ್ಲ. ನ್ಯಾಯಾಲಯವೊಂದು ಅಸ್ವಸ್ಥಚಿತ್ತರೆಂದು ಘೋಷಿಸದ ಹೊರತು ಬೌದ್ಧಿಕ ವಿಕಲತೆಯುಳ್ಳ ವಯಸ್ಕರಿಗೆ ಮತದಾನದ ಹಕ್ಕು ಇದ್ದೇ ಇದೆ. ‘ಅವನಿಗೆಲ್ಲ ಯಾಕೆ ವೋಟು’ ಎಂದು ಮನೆಯವರೇ ಬಿಟ್ಟುಬಿಟ್ಟರೆ, ವಾರ್ಡಿನಲ್ಲಿ ಇಂಥವರು ಎಷ್ಟು ಜನ ಎಂಬ ಲೆಕ್ಕ ಪ್ರತಿನಿಧಿಯ ಕಣ್ಣಿಗೆ ಬೀಳುವುದೇ ಇಲ್ಲ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅವರನ್ನು ಕೇಳಿ, ಹೆಸರು ಸೇರಿಸುವ ನಮೂನೆ 6 ತುಂಬಿಸಿ.

ಹಂತ 2: ಒಂದು ವಾರದ ದಿನಚರಿ ಬರೆಯಿರಿ

ಬೇಡಿಕೆಗೆ ಮೊದಲು ಅಗತ್ಯ ಏನೆಂಬುದು ಕಾಗದದ ಮೇಲೆ ಬರಬೇಕು. ‘ನಮಗೆ ಸಹಾಯ ಮಾಡಿ’ ಎಂಬ ವಾಕ್ಯಕ್ಕೆ ಯಾವ ಕಚೇರಿಯಲ್ಲೂ ಕಡತ ತೆರೆಯುವುದಿಲ್ಲ. ಏಳು ದಿನ, ಯಾವ ಕೆಲಸಕ್ಕೆ ಯಾರು ಎಷ್ಟು ಹೊತ್ತು ಜೊತೆಗಿದ್ದರು ಎಂದು ಬರೆದಿಡಿ. ಬೀಡಿ ಕಟ್ಟುವ ತಾಯಿಯೊಬ್ಬರು, 27 ವರ್ಷದ ಮಗನದ್ದು, ನೋಟುಪುಸ್ತಕದಲ್ಲಿ ಬರೆದು ತಂದದ್ದು ಹೀಗಿತ್ತು:

‘ಬೆಳಿಗ್ಗೆ 6.30: ಹಲ್ಲುಜ್ಜಿಸಿದ್ದು, ಶೌಚಕ್ಕೆ ಕರೆದೊಯ್ದದ್ದು, ಮುಕ್ಕಾಲು ಗಂಟೆ. 8: ತಿಂಡಿ, ಅರ್ಧ ಗಂಟೆ. 9ರಿಂದ 1: ಜಗಲಿಯಲ್ಲಿ ಕೂತಿದ್ದ, ಎರಡು ಸಲ ಗೇಟು ತೆಗೆದು ರಸ್ತೆಗೆ ಹೋದ, ಕರೆತಂದೆ. ಎಲೆ ಕತ್ತರಿಸಲು ಆಗಲಿಲ್ಲ. ಇವತ್ತು ಬೀಡಿ 300 ಮಾತ್ರ.’

ಕೊನೆಯ ಸಾಲು ನೋಡಿ. ಮಗನಿಗೆ ಹಗಲು ಹೊತ್ತು ಹೋಗಲು ಒಂದು ಜಾಗವಿಲ್ಲದ್ದರಿಂದ ಮನೆಯ ಆದಾಯಕ್ಕೆ ಏನಾಗುತ್ತಿದೆ ಎಂಬುದನ್ನು ಆ ಸಾಲು ಅಳೆದು ತೋರಿಸುತ್ತದೆ. ಇಂಥ ಹತ್ತು ಮನೆಗಳ ದಿನಚರಿ ಒಟ್ಟಾದರೆ ಅದು ಅಧಿಕಾರಿಯ ಮೇಜಿನ ಮೇಲಿಡಬಹುದಾದ ದಾಖಲೆ.

ದಿನಚರಿ ಓದಿದಾಗ ಅಗತ್ಯಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ಕೆಲವರಿಗೆ ಹಗಲು ಆರೈಕೆ ಬೇಕು. ಕೆಲವರಿಗೆ ಕೇಂದ್ರ ಇದೆ, ಆದರೆ ಒಳರಸ್ತೆಯಿಂದ ಅಲ್ಲಿಗೆ ತಲುಪಲು ಬಸ್ಸಿಲ್ಲ, ರಿಕ್ಷಾ ಬಾಡಿಗೆ ಮಾಸಾಶನಕ್ಕಿಂತ ಹೆಚ್ಚು. ಕೆಲವರಿಗೆ ಕೌಶಲ ತರಬೇತಿ ಬೇಕು. ತಂದೆತಾಯಿಗೆ ಎಪ್ಪತ್ತು ದಾಟಿದ ಮನೆಗಳಿಗೆ ಬೇಕಾದದ್ದು ವಸತಿ. ಒಂದು ಮನವಿಯಲ್ಲಿ ಇವುಗಳಲ್ಲಿ ಒಂದನ್ನೇ ಕೇಳಿ.

ಹಂತ 3: ಯಾವ ಹಣ ಯಾರ ಕೈಯಲ್ಲಿದೆ

ಹೆಚ್ಚಿನ ಪೋಷಕರು ಸೋಲುವುದು ಇಲ್ಲಿ. ಮಾಸಾಶನದ ದೂರನ್ನು ಅಂಗನವಾಡಿಯಲ್ಲಿ ಹೇಳುತ್ತಾರೆ, ಹಗಲು ಕೇಂದ್ರದ ಬೇಡಿಕೆಯನ್ನು ತಹಶೀಲ್ದಾರರಿಗೆ ಕೊಡುತ್ತಾರೆ. ಪಡೆದವರು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬದಿಗಿಡುತ್ತಾರೆ.

ಮಾಸಾಶನ ಕಂದಾಯ ಇಲಾಖೆಯದು. ಅರ್ಜಿ ನಾಡಕಚೇರಿಯಲ್ಲಿ, ಮಂಜೂರಾತಿ ತಾಲೂಕು ಮಟ್ಟದಲ್ಲಿ. ಇದರಲ್ಲಿ ಕೇಂದ್ರದ ಪಾಲು 18ರಿಂದ 79 ವರ್ಷದವರಿಗೆ ತಿಂಗಳಿಗೆ 300 ರೂಪಾಯಿ, ಅದೂ ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರ. 2012ರಲ್ಲಿ ನಿಗದಿಯಾದ ಈ ಮೊತ್ತ ಅಂದಿನಿಂದ ಹಾಗೆಯೇ ನಿಂತಿದೆ.

ವಿಶೇಷ ಶಾಲೆ, ಹಗಲು ಕೇಂದ್ರ, ತರಬೇತಿ ಇವು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದವು. ಜಿಲ್ಲೆಯಲ್ಲಿ ಇದರ ಮುಖ್ಯಸ್ಥರನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಎನ್ನುತ್ತಾರೆ. ಅವರ ಕೆಳಗೆ ತಾಲೂಕಿಗೊಬ್ಬರು ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಗ್ರಾಮ ಪಂಚಾಯತ್ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ನಗರದಲ್ಲಿ ಯುಆರ್‌ಡಬ್ಲ್ಯೂ ಇರುತ್ತಾರೆ. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಹಲವರು ಸ್ವತಃ ವಿಕಲಚೇತನರು. ನಿಮ್ಮ ಪಂಚಾಯತಿನಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಇವರಿಗೆ ಗೊತ್ತಿರುವಷ್ಟು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಮೊದಲ ಭೇಟಿ ಇವರದ್ದಾಗಲಿ. ಇಲಾಖೆ ವಿಶೇಷ ಶಾಲೆಗಳಿಗೆ ಕೊಡುವ ಮುಖ್ಯ ಸಹಾಯಧನದ ಹೆಸರೇ ‘ಶಿಶುಕೇಂದ್ರಿತ’ ಎಂಬುದನ್ನು ಗಮನಿಸಿ. ಶಿಶು ಮೂವತ್ತರ ಗಂಡಸಾದ ಮೇಲೆ ಏನು ಎಂಬುದೇ ನಮ್ಮ ಬೇಡಿಕೆಯ ತಿರುಳು.

ಮೂರನೆಯದು ಸ್ಥಳೀಯ ಸಂಸ್ಥೆಗಳ ಶೇ 5ರ ನಿಧಿ. ಗ್ರಾಮ ಪಂಚಾಯತ್, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಇವುಗಳು ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಪಂಚಾಯತಿನ ಸ್ವಂತ ಆದಾಯ ವರ್ಷಕ್ಕೆ 40 ಲಕ್ಷ ಎಂದಿಟ್ಟುಕೊಂಡರೆ ಇದು 2 ಲಕ್ಷವಾಗುತ್ತದೆ. ಈ ಹಣ ಎಲ್ಲಿಗೆ ಹೋಗುತ್ತದೆ? ನಾನು ನೋಡಿದ ಕ್ರಿಯಾಯೋಜನೆಗಳಲ್ಲಿ (ವರ್ಷದ ಖರ್ಚಿನ ಅನುಮೋದಿತ ಪಟ್ಟಿ) ತ್ರಿಚಕ್ರ ವಾಹನ, ಗಾಲಿಕುರ್ಚಿ, ಶ್ರವಣಸಾಧನ, ಕಚೇರಿಯ ಮುಂದಿನ ಇಳಿಜಾರು ಇವೇ ಹೆಚ್ಚು. ಅವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬೌದ್ಧಿಕ ವಿಕಲತೆಯ ವಯಸ್ಕನಿಗೆ ಇವುಗಳಲ್ಲಿ ಒಂದೂ ಉಪಯೋಗಕ್ಕೆ ಬಾರದು. ಅವನ ಮನೆಗೆ ಬೇಕಾದದ್ದು ದೊಡ್ಡವರ ಡೈಪರ್, ಕೇಂದ್ರಕ್ಕೆ ಹೋಗಿಬರುವ ವಾಹನದ ಬಾಡಿಗೆ, ಬೇಲಿಯಿರುವ ಅಂಗಳ. ಯಾರೂ ಕೇಳದ್ದರಿಂದ ಅವು ಪಟ್ಟಿಗೆ ಬಂದಿಲ್ಲ.

ನಾಲ್ಕನೆಯದು ನ್ಯಾಷನಲ್ ಟ್ರಸ್ಟ್. ಅದರ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಹೊರರೋಗಿ ಚಿಕಿತ್ಸೆಯನ್ನೂ ಥೆರಪಿಯನ್ನೂ ಒಳಗೊಳ್ಳುತ್ತದೆ, ಮುಂಚಿತ ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ಪ್ರತಿವರ್ಷ ನವೀಕರಿಸಲು ಮರೆಯುವುದೇ ಇಲ್ಲಿನ ದೊಡ್ಡ ತಪ್ಪು. ‘ಘರೌಂದಾ’ ವಯಸ್ಕರ ಸಾಮೂಹಿಕ ವಸತಿಗೆ, ‘ಸಮರ್ಥ’ ಪೋಷಕರಿಗೆ ಬಿಡುವು ಕೊಡುವ ತಾತ್ಕಾಲಿಕ ವಸತಿಗೆ ಇರುವ ಯೋಜನೆಗಳು. ಆದರೆ ಇಂಥ ಕೇಂದ್ರ ಆರಂಭಿಸುವ ಹಣ ನೋಂದಾಯಿತ ಸಂಸ್ಥೆಗಳಿಗೆ ಸಿಗುತ್ತದೆಯೇ ಹೊರತು ಒಬ್ಬ ಪೋಷಕರಿಗೆ ಸಿಗುವುದಿಲ್ಲ. ಪೋಷಕರ ಸಂಘವೇ ಟ್ರಸ್ಟಿನಲ್ಲಿ ನೋಂದಾಯಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಹಂತ 4: ಕೇಳುವ ಮೊದಲು ಮಾಹಿತಿ ಹಕ್ಕಿನಲ್ಲಿ ತಿಳಿಯಿರಿ

ಶೇ 5ರ ನಿಧಿಯ ಲೆಕ್ಕ ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ನಿಂತು ಮಾತಾಡುವುದಕ್ಕೂ ಅದಿಲ್ಲದೆ ಮಾತಾಡುವುದಕ್ಕೂ ಬಹಳ ಅಂತರವಿದೆ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ನಮ್ಮವರು ನಾಲ್ಕು ಪುಟ ತುಂಬ ದುಃಖ ಬರೆದು ಕೊನೆಯಲ್ಲಿ ಪ್ರಶ್ನೆ ಕೇಳುತ್ತಾರೆ; ಅರ್ಜಿ ತಿರಸ್ಕರಿಸಲು ಅಷ್ಟೇ ಸಾಕು. ಹೀಗೆ ಬರೆದರೆ ಸಾಲುತ್ತದೆ:

‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತಮ್ಮ ಪಂಚಾಯತಿನ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಕಾಯ್ದಿರಿಸಿದ ಶೇ 5ರ ಮೊತ್ತ, ಅದರಲ್ಲಿ ಖರ್ಚಾದ ಮೊತ್ತ, ಉಳಿಕೆ, ಮತ್ತು ಆಯಾ ವರ್ಷದ ಅನುಮೋದಿತ ಕ್ರಿಯಾಯೋಜನೆಯ ದೃಢೀಕೃತ ಪ್ರತಿ ಒದಗಿಸಬೇಕು.’

ಫಲಾನುಭವಿಗಳ ಹೆಸರು ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಇಡೀ ಅರ್ಜಿ ಬದಿಗೆ ಹೋಗಬಹುದು, ನಮಗೆ ಬೇಕಾದದ್ದೂ ಹೆಸರಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಈ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಮಾಡಿಡಿ.

ಹಂತ 5: ಐದು ಮನೆಗಳಾದರೂ ಒಟ್ಟಾಗಿ

ಒಬ್ಬರೇ ಹೋದಾಗ ಅಧಿಕಾರಿ ಒಂದು ಕಷ್ಟದ ಕಥೆ ಕೇಳುತ್ತಾರೆ, ಸಹಾನುಭೂತಿ ತೋರುತ್ತಾರೆ, ದಾನಿಗಳ ಹೆಸರು ಹೇಳಿ ಕಳುಹಿಸುತ್ತಾರೆ. ಕರಾವಳಿಯಲ್ಲಿ ದಾನಕ್ಕೆ ಬರವಿಲ್ಲ; ದೇವಸ್ಥಾನ, ಚರ್ಚ್, ಮಸೀದಿ, ಸಹಕಾರಿ ಬ್ಯಾಂಕು, ದುಬೈಯಲ್ಲಿರುವ ಬಂಧುಗಳು ಎಲ್ಲರೂ ಕೊಡುತ್ತಾರೆ. ಇದೇ ಒಂದು ತೊಡಕೂ ಹೌದು ಎಂಬುದು ನನ್ನ ಅಭಿಪ್ರಾಯ. ಸೇವಾಸಂಸ್ಥೆಗಳು ಚೆನ್ನಾಗಿ ನಡೆಯುವ ಊರಿನಲ್ಲಿ ಸರ್ಕಾರ ತನ್ನ ಪಾಲಿನ ಕೆಲಸವೂ ಅಲ್ಲಿ ಆಗುತ್ತಿದೆ ಎಂದು ತಿಳಿದುಬಿಡುತ್ತದೆ.

ಐದು ಮನೆಗಳ ಸಹಿ ಬಿದ್ದರೆ ಅದು ಸಾರ್ವಜನಿಕ ಬೇಡಿಕೆಯಾಗುತ್ತದೆ. ಜಾತಿ, ಭಾಷೆ, ಪಕ್ಷ ಯಾವುದೂ ಅಡ್ಡ ಬಾರದಂತೆ ಮನೆಗಳನ್ನು ಸೇರಿಸಿಕೊಳ್ಳಿ. ಮಾತುಕತೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಡೆಯಲಿ, ಕಾಗದ ಮಾತ್ರ ಕನ್ನಡದಲ್ಲಿರಲಿ. ಮಾತಾಡಬಲ್ಲ ವಯಸ್ಕರಿದ್ದರೆ ಅವರೇ ಬರಲಿ, ಅವರೇ ಮಾತಾಡಲಿ. ಮಾತು ಬಾರದವರನ್ನು ಸಭೆಯಲ್ಲಿ ಎಲ್ಲರೆದುರು ಪ್ರದರ್ಶನಕ್ಕೆ ಕೂರಿಸಬೇಡಿ. ಅವರ ವಾರದ ದಿನಚರಿ ಓದಿದರೆ ಸಾಕು.

ಹಂತ 6: ಮನವಿಪತ್ರ

ಒಂದು ಪುಟ. ಮೇಲೆ ಯಾವ ಅಧಿಕಾರಿಗೆ ಎಂಬುದು, ವಿಷಯದ ಸಾಲಿನಲ್ಲಿ ಯಾವ ಸೇವೆ ಎಷ್ಟು ಜನರಿಗೆ ಎಂಬುದು, ಕೆಳಗೆ ಯಾವ ಕಾನೂನಿನಂತೆ ಮತ್ತು ಯಾವ ಲೆಕ್ಕಶೀರ್ಷಿಕೆಯಿಂದ ಎಂಬುದು. ಲೆಕ್ಕಶೀರ್ಷಿಕೆ ಎಂದರೆ ಹಣ ಯಾವ ಬಾಬ್ತಿನಲ್ಲಿ ಖರ್ಚಾಗಬೇಕೆಂದು ಬಜೆಟ್ಟಿನಲ್ಲಿ ಕೊಟ್ಟಿರುವ ಹೆಸರು. ಮಾಹಿತಿ ಹಕ್ಕಿನಲ್ಲಿ ಪಡೆದ ಕ್ರಿಯಾಯೋಜನೆಯಲ್ಲೇ ಅದು ಸಿಗುತ್ತದೆ.

ಕಾನೂನಿನ ಆಧಾರಕ್ಕೆ 2016ರ ಕಾಯ್ದೆಯ ನಾಲ್ಕು ಕಲಂ ನೆನಪಿಡಿ. ಕಲಂ 5 ಸಮುದಾಯದಲ್ಲಿ ಬದುಕುವ ಹಕ್ಕನ್ನು ಮತ್ತು ಅದಕ್ಕೆ ಬೇಕಾದ ಮನೆಯೊಳಗಿನ ಹಾಗೂ ವಸತಿ ಸೇವೆಗಳನ್ನು ಹೇಳುತ್ತದೆ. ಕಲಂ 19 ಬೆಳವಣಿಗೆ ಸಂಬಂಧಿ, ಬೌದ್ಧಿಕ, ಬಹುವಿಧ ವಿಕಲತೆ ಮತ್ತು ಆಟಿಸಂ ಇರುವವರಿಗೆ ಪ್ರತ್ಯೇಕ ಕೌಶಲ ತರಬೇತಿ ಇರಬೇಕೆಂದು ಹೆಸರಿಸಿಯೇ ಹೇಳುತ್ತದೆ. ಕಲಂ 24 ಸಾಮಾಜಿಕ ಭದ್ರತೆಯದು. ಅದರಲ್ಲಿ ಮಾಸಾಶನವೂ ಇದೆ, ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯೂ ಇದೆ. ಜೊತೆಗೆ ಇತರರಿಗಿರುವ ಅಂಥದೇ ಯೋಜನೆಗಿಂತ ವಿಕಲಚೇತನರ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂಬ ಮಾತೂ ಇದೆ. ವಿಧವಾ ವೇತನದ ಇಂದಿನ ಮೊತ್ತವನ್ನೂ ನಿಮ್ಮ ಮಗನಿಗೆ ಬರುವ ಮೊತ್ತವನ್ನೂ ಪಕ್ಕಪಕ್ಕ ಬರೆದು ಈ ಶೇ 25ರ ಲೆಕ್ಕ ಹಾಕಿ ನೋಡಿ, ಮನವಿಯಲ್ಲಿ ಆ ಲೆಕ್ಕವನ್ನೇ ಬರೆಯಬಹುದು. ಕಲಂ 38ರಂತೆ ‘ಹೆಚ್ಚಿನ ಬೆಂಬಲದ ಅಗತ್ಯ’ ಇದೆಯೆಂದು ಗುರುತಿಸಲು ವ್ಯಕ್ತಿಯೋ ಅವರ ಪರವಾಗಿ ಬೇರೆಯವರೋ ಸಂಸ್ಥೆಯೋ ಅರ್ಜಿ ಹಾಕಬಹುದು.

ಕಲಂ 24ರಲ್ಲೇ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಪದಗಳೂ ಇವೆ, ಅಧಿಕಾರಿಗಳು ಅದನ್ನು ತೋರಿಸುತ್ತಾರೆ. ಆಗ ನಮ್ಮದೇ ನೆಲದ ಉದಾಹರಣೆ ಕೊಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಉಂಡ ಕುಟುಂಬಗಳಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಸರ್ಕಾರದ ಹಣದಿಂದ ಹಗಲು ಆರೈಕೆ ಕೇಂದ್ರಗಳು ನಡೆದಿವೆ, ಸಂತ್ರಸ್ತರಿಗೆ ಪ್ರತ್ಯೇಕ ಮಾಸಾಶನವೂ ಇದೆ. ಹಳ್ಳಿಯ ಜನ ವರ್ಷಗಟ್ಟಲೆ ಬೀದಿಗಿಳಿದು, ನ್ಯಾಯಾಲಯದ ಬಾಗಿಲು ತಟ್ಟಿ ಪಡೆದದ್ದು ಅದು. ಕೇಂದ್ರ ಹೇಗಿರಬೇಕು, ವಾಹನ ಹೇಗೆ ಬರಬೇಕು ಎಂಬ ಮಾದರಿ ಇದೇ ಜಿಲ್ಲೆಯಲ್ಲಿದೆ. ಕಾರಣ ಯಾವುದಾದರೂ ಮನೆಯೊಳಗಿನ ದಿನ ಒಂದೇ ತೆರನಾಗಿರುವಾಗ ಉಳಿದವರಿಗೆ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರಿಸುವುದು ಕಚೇರಿಗೆ ಸುಲಭವಲ್ಲ.

ಮನವಿ ಕೊಟ್ಟಾಗ ಎರಡನೆಯ ಪ್ರತಿಯ ಮೇಲೆ ಟಪಾಲು ವಿಭಾಗದ ಮುದ್ರೆ, ದಿನಾಂಕ ಮತ್ತು ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ. ನನ್ನ ತಮ್ಮನ ಅರ್ಜಿಯನ್ನು ಒಮ್ಮೆ ಒಂದು ಕಚೇರಿಯಲ್ಲಿ ನಗುನಗುತ್ತಾ ಕೈಯಲ್ಲಿ ತೆಗೆದುಕೊಂಡರು, ಮುದ್ರೆ ಕೇಳಲು ನನಗೇ ಸಂಕೋಚವಾಯಿತು. ಏಳು ತಿಂಗಳ ಮೇಲೆ ಅಂಥ ಅರ್ಜಿಯೇ ಬಂದಿಲ್ಲ ಎಂದರು. ಆಗುವುದಿಲ್ಲ ಎನ್ನುವುದಾದರೆ ‘ಹಿಂಬರಹ’ ಕೊಡಿ ಎಂದು ಕೇಳಿ. ಅರ್ಜಿಯ ಮೇಲೆ ಕಚೇರಿ ಲಿಖಿತವಾಗಿ ಕೊಡುವ ಉತ್ತರಕ್ಕೆ ಆ ಹೆಸರು. ಬಾಯಿಮಾತಿನ ನಿರಾಕರಣೆಯ ಮೇಲೆ ಎಲ್ಲಿಯೂ ಮೇಲ್ಮನವಿ ನಿಲ್ಲುವುದಿಲ್ಲ.

ಹಂತ 7: ಹಣ ಹಂಚುವ ಹೊತ್ತಿಗೆ ಅಲ್ಲಿರಿ

ಮೇ ತಿಂಗಳಲ್ಲಿ ಕೊಟ್ಟ ಒಳ್ಳೆಯ ಮನವಿಗಿಂತ ನವೆಂಬರಿನಲ್ಲಿ ಕೊಟ್ಟ ಸಾಧಾರಣ ಮನವಿ ಹೆಚ್ಚು ಕೆಲಸ ಮಾಡುತ್ತದೆ. ಗ್ರಾಮ ಪಂಚಾಯತಿನ ಮುಂದಿನ ವರ್ಷದ ಯೋಜನೆಗೆ ಅಕ್ಟೋಬರ್ 2ರಿಂದ ಜನರ ಯೋಜನೆ ಅಭಿಯಾನ ಶುರುವಾಗುತ್ತದೆ, ಬಜೆಟ್ ಸಭೆ ಫೆಬ್ರವರಿ–ಮಾರ್ಚ್ ಹೊತ್ತಿಗೆ. ಮೊದಲು ವಾರ್ಡ್ ಸಭೆಯಲ್ಲಿ ಹೇಳಿ, ನಂತರ ಗ್ರಾಮಸಭೆಯಲ್ಲಿ. ವಿಕಲಚೇತನರ ವಿಶೇಷ ಗ್ರಾಮಸಭೆ ಯಾವಾಗ ಎಂದು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ದಿನಾಂಕ ತಿಳಿದುಕೊಳ್ಳಿ. ಸಭೆ ಮುಗಿದ ಮೇಲೆ ನಿಮ್ಮ ಬೇಡಿಕೆ ನಡಾವಳಿಯಲ್ಲಿ (ಸಭೆಯ ಅಧಿಕೃತ ಬರಹ) ದಾಖಲಾಗಿದೆಯೇ ಎಂದು ನೋಡದೆ ಏಳಬೇಡಿ. ಅಧ್ಯಕ್ಷರು ‘ಆಯ್ತು, ಮಾಡುವ’ ಎಂದದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿರುತ್ತಾರೆ, ನಡಾವಳಿಯಲ್ಲಿ ದಾರಿದೀಪ ಮತ್ತು ಚರಂಡಿ ಮಾತ್ರ ಇರುತ್ತದೆ.

ಮಂಗಳೂರು ಪಾಲಿಕೆಯ 60 ವಾರ್ಡುಗಳಲ್ಲಿ ವಾಸಿಸುವವರಿಗೆ ಗ್ರಾಮಸಭೆ ಇಲ್ಲ. ಅಲ್ಲಿ ವಾರ್ಡಿನ ಸದಸ್ಯರ ಮೂಲಕ ಹೋಗಬೇಕು. ಚುನಾಯಿತ ಮಂಡಳಿ ಇಲ್ಲದ ಅವಧಿಯಾದರೆ ಆಯುಕ್ತರಿಗೂ ಆಡಳಿತಾಧಿಕಾರಿಗೂ ನೇರವಾಗಿ ಬರೆಯಬೇಕು.

ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯವರ ಸಾರ್ವಜನಿಕ ಅಹವಾಲು ದಿನ ಉಪಯುಕ್ತ. ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಕಚೇರಿ ಈಗ ಪಡೀಲಿನ ಪ್ರಜಾಸೌಧದಲ್ಲಿದೆ, ಉಡುಪಿಯದ್ದು ಮಣಿಪಾಲದ ರಜತಾದ್ರಿಯಲ್ಲಿ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಮಟ್ಟದ ಸಮಿತಿಗೂ ಜಿಲ್ಲಾಧಿಕಾರಿಯವರೇ ಮುಖ್ಯಸ್ಥರು. 18 ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಆ ಸಮಿತಿಯ ಕೆಲಸ. ಪೋಷಕತ್ವದ ಆದೇಶವಿಲ್ಲದೆ ಏನೂ ಸಿಗುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ಸೇವೆಗಾಗಿ ಬೇಡಿಕೆ ಇಡಲು ಅದು ಬೇಕಾಗಿಲ್ಲ.

ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚಿನಲ್ಲಿ ಮಂಡನೆಯಾಗುತ್ತದೆ, ಇಲಾಖೆಗಳ ಪ್ರಸ್ತಾವ ಅದಕ್ಕೆ ತಿಂಗಳುಗಳ ಮೊದಲೇ ಹೋಗಿರುತ್ತದೆ. ಆದ್ದರಿಂದ ಶಾಸಕರನ್ನು ಕಾಣುವುದಿದ್ದರೆ ಚಳಿಗಾಲದ ಅಧಿವೇಶನಕ್ಕೆ ಮೊದಲು. ಅವರಿಂದ ‘ಚುಕ್ಕೆ ಗುರುತಿಲ್ಲದ ಪ್ರಶ್ನೆ’ ಕೇಳಿಸಿ, ಅಂದರೆ ಸಚಿವರು ಲಿಖಿತವಾಗಿ ಉತ್ತರಿಸಲೇಬೇಕಾದ ಪ್ರಶ್ನೆ. ಜಿಲ್ಲೆಯಲ್ಲಿ 18 ದಾಟಿದ ಬೌದ್ಧಿಕ ವಿಕಲಚೇತನರು ಎಷ್ಟು, ಅವರಿಗಾಗಿ ನಡೆಯುವ ಹಗಲು ಕೇಂದ್ರಗಳು ಎಷ್ಟು ಎಂಬ ಎರಡು ಪ್ರಶ್ನೆ ಸಾಕು. 2011ರ ಜನಗಣತಿಯಲ್ಲಿ ರಾಜ್ಯದ ವಿಕಲಚೇತನರ ಸಂಖ್ಯೆ 13.24 ಲಕ್ಷ ಎಂದಿತ್ತು, ಆಗ ಎಣಿಸಿದ್ದು ಹಳೆಯ ವರ್ಗೀಕರಣದಲ್ಲಿ, ಆಟಿಸಂ ಎಂಬ ವರ್ಗವೇ ಇಲ್ಲದೆ. ಜಿಲ್ಲೆಯ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯಲ್ಲಿ ಉಸ್ತುವಾರಿ ಸಚಿವರು ಇಲಾಖಾವಾರು ಪ್ರಗತಿ ಕೇಳುತ್ತಾರೆ. ಅಲ್ಲಿ ಶಾಸಕರೊಬ್ಬರು ಈ ವಿಷಯ ಎತ್ತಿದರೆ ಕಡತ ಆ ವಾರವೇ ಚಲಿಸುತ್ತದೆ.

ಹಂತ 8: ಉತ್ತರ ಬರದಿದ್ದರೆ

ಮಾಸಾಶನದಂಥ ಸಕಾಲ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆಂಬ ರಾಜ್ಯದ ಕಾಯ್ದೆ) ವ್ಯಾಪ್ತಿಯ ಸೇವೆಯಾದರೆ ಸ್ವೀಕೃತಿಯಲ್ಲಿರುವ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಿ. ಉಳಿದ ದೂರುಗಳಿಗೆ 1902 ಸಹಾಯವಾಣಿ ಇದೆ. ಕರೆ ಮಾಡಿದಾಗ ದೂರಿನ ಸಂಖ್ಯೆ ಬರೆದುಕೊಳ್ಳಿ.

ಇದರಿಂದಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ವಿಚಾರಣೆಗೆ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ದೂರು ಕೊಡಲು ವಕೀಲರು ಬೇಕಾಗಿಲ್ಲ. ದೂರಿನ ಜೊತೆ ಮುದ್ರೆ ಬಿದ್ದ ಮನವಿ, ಮಾಹಿತಿ ಹಕ್ಕಿನ ಉತ್ತರ, ಹಿಂಬರಹ ಮೂರೂ ಇರಲಿ. ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೆ, ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದು ನೆನಪಿರಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎರಡೂ ಜಿಲ್ಲೆಗಳ ನ್ಯಾಯಾಲಯ ಸಂಕೀರ್ಣದಲ್ಲಿದೆ, ಸಹಾಯವಾಣಿ 15100.

ಮಂಜೂರಾದ ಮೇಲೆ

ಮಂಜೂರಾತಿ ಆದೇಶ ಕೈಗೆ ಬಂದಾಗ ಸಿಹಿ ಹಂಚಿ ಎಲ್ಲರೂ ಚದುರಿಬಿಡುತ್ತಾರೆ. ಆದೇಶದಲ್ಲಿ ಮೂರು ವಿಷಯ ನೋಡಿ: ಅದು ಒಂದು ವರ್ಷಕ್ಕೆ ಮಾತ್ರವೋ ಮುಂದುವರಿಯುವುದೋ, ಸಿಬ್ಬಂದಿಯ ಗೌರವಧನ ಸೇರಿದೆಯೋ ಕಟ್ಟಡದ ಖರ್ಚು ಮಾತ್ರವೋ, ವಯಸ್ಸಿನ ಮಿತಿ ಏನಾದರೂ ಬರೆದಿದ್ದಾರೋ. ಮೂರನೆಯದನ್ನು ಎರಡು ಸಲ ಓದಿ. ಹಳೆಯ ಆದೇಶದ ನಕಲು ತೆಗೆಯುವಾಗ ‘18 ವರ್ಷದೊಳಗಿನ’ ಎಂಬ ಪದಗಳು ಹೊಸ ಆದೇಶಕ್ಕೂ ಬಂದು ಕುಳಿತದ್ದನ್ನು ಕಂಡಿದ್ದೇನೆ. ಅದನ್ನು ತಿದ್ದಿಸಲು ಹಿಡಿದ ಹೊತ್ತು ಆದೇಶ ಪಡೆಯಲು ಹಿಡಿದದ್ದಕ್ಕಿಂತ ಹೆಚ್ಚು. ಕೇಂದ್ರ ತೆರೆದ ಮೇಲೆ ಹಾಜರಿ ಪುಸ್ತಕದ ತಿಂಗಳ ಮೊತ್ತವನ್ನು ನಿಮ್ಮ ಸಂಘದಲ್ಲೂ ಬರೆದಿಡಿ. ಮಾರ್ಚಿನಲ್ಲಿ ‘ಫಲಾನುಭವಿಗಳ ಕೊರತೆಯಿಂದ ಅನುದಾನ ಮರಳಿಸಲಾಗಿದೆ’ ಎಂಬ ಟಿಪ್ಪಣಿ ಬಂದರೆ ಎದುರಿಗಿಡಲು ಆ ಪುಸ್ತಕ ಬೇಕಾಗುತ್ತದೆ.